ಮೆದುಳು ಮತ್ತು ಬೆನ್ನುಹುರಿಯ ಚಿಕಿತ್ಸೆ: ವೈದ್ಯಕೀಯ ಪ್ರಗತಿ ಹಾಗೂ ಸಾರ್ವಜನಿಕರಿಗೆ ಲಭ್ಯವಿರುವ ನೆರವು

ಮೆದುಳಿನ ಶಸ್ತ್ರಚಿಕಿತ್ಸೆ ಎಂದೊಡನೆ ರೋಗಿಯ ಕುಟುಂಬದವರು ಆಸೆ ಕೈಬಿಡುವುದು ಇಂದಿಗೂ ಕಂಡುಬರುತ್ತದೆ. ಈ ಭೀತಿಗೆ ಹಿಂದೆ ಕಾರಣವಿತ್ತು. ತಲೆಬುರುಡೆಯನ್ನು ತೆರೆಯದೆ ಒಳಗಿನ ಮೆದುಳನ್ನು ಸ್ಪಷ್ಟವಾಗಿ ನೋಡುವ ಸಾಧನ ವೈದ್ಯರಿಗೆ ದೊರೆತದ್ದು 1971 ರಲ್ಲಿ, ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರು ರೂಪಿಸಿದ ಸಿ.ಟಿ. ಸ್ಕ್ಯಾನ್ ಯಂತ್ರವನ್ನು ಲಂಡನ್ನಿನಲ್ಲಿ ಪ್ರಥಮ ಬಾರಿಗೆ ರೋಗಿಯೊಬ್ಬರಿಗೆ ಬಳಸಿದಾಗ. ಭಾರತದಲ್ಲಿ ಈ ವಿಭಾಗಕ್ಕೆ 1949 ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಜೇಕಬ್ ಚಾಂಡಿಯವರು ಅಡಿಪಾಯ ಹಾಕಿದರು. ಬೆಂಗಳೂರಿನಲ್ಲಿ 1974 ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಗೆ 2012 ರಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ದೊರೆಯಿತು.

ಪಾರ್ಶ್ವವಾಯು: ವೇಳೆಯೇ ನಿರ್ಣಾಯಕ

ಸಾಮಾನ್ಯವಾಗಿ ಲಕ್ವ ಎಂದು ಕರೆಯಲಾಗುವ ಪಾರ್ಶ್ವವಾಯುವಿನಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಮೆದುಳಿನ ರಕ್ತನಾಳವು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗುತ್ತದೆ. ಇನ್ನೊಂದರಲ್ಲಿ ರಕ್ತನಾಳ ಒಡೆದು ರಕ್ತಸ್ರಾವವಾಗುತ್ತದೆ. ಬಾಯಿ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಬಲಹೀನವಾಗುವುದು, ಮಾತು ತೊದಲುವುದು ಎರಡರಲ್ಲಿಯೂ ಕಾಣಬಹುದು. ಆದರೆ ಹೆಪ್ಪು ಕರಗಿಸುವ ಔಷಧಿಯನ್ನು ರಕ್ತಸ್ರಾವವಾಗಿರುವ ರೋಗಿಗೆ ನೀಡಿದಲ್ಲಿ ಪ್ರಾಣಾಪಾಯವಾಗುತ್ತದೆ. ಆದುದರಿಂದಲೇ ಸ್ಕ್ಯಾನ್ ಆಗದೆ ಈ ಚಿಕಿತ್ಸೆ ಪ್ರಾರಂಭಿಸಲಾಗದು. ಸ್ಕ್ಯಾನ್ ಸೌಲಭ್ಯವಿಲ್ಲದ ಕಡೆಗೆ ರೋಗಿಯನ್ನು ಕರೆದೊಯ್ದಲ್ಲಿ ವೇಳೆ ವ್ಯರ್ಥವಾಗುತ್ತದೆ.

ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ನೀಡಬೇಕಾಗುತ್ತದೆ. ದೊಡ್ಡ ರಕ್ತನಾಳ ಮುಚ್ಚಿದ್ದಲ್ಲಿ, ತೊಡೆಸಂದಿನ ರಕ್ತನಾಳದ ಮೂಲಕ ಸಣ್ಣ ಕೊಳವೆಯನ್ನು ಮೆದುಳಿನವರೆಗೆ ಸಾಗಿಸಿ ಹೆಪ್ಪನ್ನೇ ಹೊರತೆಗೆಯುವ ವಿಧಾನದ ಉಪಯುಕ್ತತೆಯು 2015 ರ ಅಧ್ಯಯನಗಳಿಂದ ದೃಢಪಟ್ಟಿತು. ಆಯ್ದ ಕೆಲವು ರೋಗಿಗಳಲ್ಲಿ 24 ಗಂಟೆಯವರೆಗೂ ಇದು ಫಲಕಾರಿಯೆಂದು 2018 ರಲ್ಲಿ ತಿಳಿದುಬಂತು. ಈ ಗಂಟೆಗಳ ಲೆಕ್ಕ ಆಸ್ಪತ್ರೆಗೆ ಬಂದ ಸಮಯದಿಂದಲ್ಲ, ರೋಗಿಯು ಕೊನೆಯ ಬಾರಿಗೆ ಸರಿಯಾಗಿದ್ದ ಸಮಯದಿಂದ. ಬೆಳಿಗ್ಗೆ ಏಳುವಾಗಲೇ ಕೈ ಎತ್ತಲಾಗದವರಿಗೆ ಹಿಂದಿನ ರಾತ್ರಿ ಮಲಗಿದ ಸಮಯವೇ ಆಧಾರ. ವೈದ್ಯರು ಮೊದಲು ಕೇಳುವ ಪ್ರಶ್ನೆ ಇದಾದ್ದರಿಂದ ಜೊತೆಯಲ್ಲಿ ಬರುವವರು ಸಮಯವನ್ನು ತಿಳಿದುಬರತಕ್ಕದ್ದು. ಎಣ್ಣೆ ತಿಕ್ಕಿ, ನಾಟಿ ಔಷಧಿ ಕೊಡಿಸಿ, ಎರಡು ದಿನ ಕಾದು ಬಂದವರಿಗೆ ಈ ಎರಡೂ ಚಿಕಿತ್ಸೆಗಳು ತಪ್ಪಿಹೋಗಿರುತ್ತವೆ.

ತಲೆಪೆಟ್ಟು ಮತ್ತು ಬೆನ್ನುಹುರಿ

ಅಪಘಾತದ ನಂತರ ಎದ್ದು ಕುಳಿತು ಮಾತನಾಡಿದ ವ್ಯಕ್ತಿಯು ಕೆಲವು ಗಂಟೆಗಳ ತರುವಾಯ ಪ್ರಜ್ಞೆ ತಪ್ಪುವುದುಂಟು. ಬುರುಡೆ ಮತ್ತು ಮೆದುಳಿನ ಹೊದಿಕೆಯ ನಡುವೆ ರಕ್ತ ಶೇಖರವಾಗಿ ಮೆದುಳನ್ನು ಒತ್ತುವುದೇ ಇದಕ್ಕೆ ಒಂದು ಕಾರಣ. ಸಕಾಲದಲ್ಲಿ ಆ ರಕ್ತವನ್ನು ಹೊರತೆಗೆದಲ್ಲಿ ರೋಗಿಯು ಪೂರ್ಣವಾಗಿ ಚೇತರಿಸಿಕೊಳ್ಳುವ ಸಾಧ್ಯತೆ ಇರುತ್ತದೆ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು ಕಂಡಲ್ಲಿ "ನಿದ್ದೆ ಮಾಡಲಿ" ಎಂದು ಬಿಡಬಾರದು.

ಜಾರಿದ ಬೆನ್ನುಮೂಳೆಯನ್ನು ತಿರುಪುಗಳಿಂದ ಬಂಧಿಸುವುದು, ನರದ ಮೇಲಿನ ಒತ್ತಡವನ್ನು ಸಣ್ಣ ರಂಧ್ರದ ಮೂಲಕ ನಿವಾರಿಸುವುದು ಇಂದು ಸಾಧ್ಯವಿದೆ. ಆದರೆ ಪೂರ್ಣವಾಗಿ ತುಂಡಾದ ಬೆನ್ನುಹುರಿಯನ್ನು ಜೋಡಿಸಿ ಮೊದಲಿನಂತೆ ನಡೆಸುವ ಚಿಕಿತ್ಸೆ ಇನ್ನೂ ಇಲ್ಲ. ಸ್ಟೆಮ್ ಸೆಲ್ ಹೆಸರಿನಲ್ಲಿ ಇಂತಹ ಭರವಸೆ ನೀಡುವ ಜಾಹೀರಾತುಗಳನ್ನು ನಂಬಿ ಜಮೀನು ಮಾರುವ ಮೊದಲು ಸರ್ಕಾರಿ ವೈದ್ಯರ ಅಭಿಪ್ರಾಯ ಪಡೆಯುವುದು ಒಳಿತು.

ನೆರವು ಪಡೆಯುವ ವಿಧಾನ

2018 ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸೆ ನೀಡಲಾಗುತ್ತದೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇ. 30 ರಷ್ಟನ್ನು, ವಾರ್ಷಿಕ ರೂ. 1.5 ಲಕ್ಷದ ಮಿತಿಯಲ್ಲಿ ಭರಿಸಲಾಗುತ್ತದೆ. ಪೂರ್ವನಿಗದಿತ ಶಸ್ತ್ರಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ತುರ್ತು ಸಂದರ್ಭದಲ್ಲಿ ಈ ಪತ್ರ ಬೇಕಿಲ್ಲ. ನೋಂದಾಯಿತ ಆಸ್ಪತ್ರೆಗೆ ನೇರವಾಗಿ ದಾಖಲಾಗಬಹುದು. ಪತ್ರಕ್ಕಾಗಿ ರೋಗಿಯನ್ನು ಊರಿಂದೂರಿಗೆ ಅಲೆಸುವ ಕುಟುಂಬಗಳು ಮುಖ್ಯವಾಗಿ ಗಮನಿಸಬೇಕಾದ ಅಂಶವಿದು. ರೋಗಿಯನ್ನು ಮೊದಲು 108 ವಾಹನದಲ್ಲಿ ಕಳುಹಿಸಿ, ಪಡಿತರ ಚೀಟಿ ಮತ್ತು ಆಧಾರ್ ಅನ್ನು ಮನೆಯ ಇನ್ನೊಬ್ಬರು ಹಿಂದಿನಿಂದ ತರಬಹುದಾಗಿದೆ.

ರಸ್ತೆ ಅಪಘಾತದ ಗಾಯಾಳುಗಳಿಗೆ ಕೇಂದ್ರ ಸರ್ಕಾರದ 2025 ರ ನಗದುರಹಿತ ಚಿಕಿತ್ಸಾ ಯೋಜನೆಯಡಿ ಅಪಘಾತದ ದಿನದಿಂದ ಏಳು ದಿನಗಳವರೆಗೆ ರೂ. 1.5 ಲಕ್ಷದ ಮಿತಿಯಲ್ಲಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ದೊರೆಯುತ್ತದೆ.

ಚಿಕಿತ್ಸೆಯ ನಂತರವೂ ಅಂಗವೈಕಲ್ಯ ಉಳಿದಲ್ಲಿ ಯು.ಡಿ.ಐ.ಡಿ. ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು. ವೈದ್ಯಕೀಯ ತಪಾಸಣೆಯ ವೇಳೆ ತೋರಿಸಲು ಬಿಡುಗಡೆ ಪತ್ರ ಹಾಗೂ ಸ್ಕ್ಯಾನ್ ಫಿಲ್ಮ್‌ಗಳನ್ನು ಅರ್ಜಿದಾರರು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.