ಪ್ಲಾಸ್ಮಾ 6: ಕಾಣುವ ಹೊಸತು, ಕಾಣದ ರಿಪೇರಿ

2024ರ ಫೆಬ್ರುವರಿ 28ರಂದು ಲಿನಕ್ಸ್ ಡೆಸ್ಕ್‌ಟಾಪ್ ಪ್ಲಾಸ್ಮಾ 6 ಬಿಡುಗಡೆಯಾದಾಗ ಹಳೆಯ ಬಳಕೆದಾರರ ಬೆರಳಿಗೆ ತಟ್ಟಿದ ಬದಲಾವಣೆ ತೀರಾ ಚಿಕ್ಕದು. ಅಲ್ಲಿಯವರೆಗೆ ಈ ಡೆಸ್ಕ್‌ಟಾಪ್‌ನಲ್ಲಿ ಕಡತದ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಸಾಕು, ಅದು ತೆರೆದುಕೊಳ್ಳುತ್ತಿತ್ತು. ಆರನೇ ಆವೃತ್ತಿಯಿಂದ ಎರಡು ಸಲ ಕ್ಲಿಕ್ ಮಾಡಬೇಕು. ವಿಂಡೋಸ್ ಬಳಸಿ ರೂಢಿಯಾದವರು ಕಡತವನ್ನು ಬರೀ ಆರಿಸಿಕೊಳ್ಳಲು ಹೋಗಿ, ಅದು ತೆರೆದುಕೊಂಡು ಗಾಬರಿಯಾಗುವುದು ತಪ್ಪಲಿ ಎಂಬುದು ಉದ್ದೇಶ. ಒಂದೇ ಕ್ಲಿಕ್ಕಿನ ಸುಖ ಬಿಡಲೊಲ್ಲದವರಿಗೆ ಹಳೆಯ ಪದ್ಧತಿಗೆ ಮರಳುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಉಳಿದಿದೆ. ಪರದೆಯ ಅಂಚಿಗೆ ಅಂಟಿಕೊಳ್ಳದೆ ತುಸು ಮೇಲೆ ತೇಲುವ ಕೆಳಪಟ್ಟಿ, ಡೆಸ್ಕ್‌ಟಾಪ್‌ಗಳನ್ನು ಘನದ ಮುಖಗಳಂತೆ ತಿರುಗಿಸಿ ತೋರಿಸುವ ಹಳೆಯ ಆಟದ ಮರುಪ್ರವೇಶ, ಒಂದಿಷ್ಟು ತಿದ್ದಿದ ಬಣ್ಣ ಮತ್ತು ಅಂತರ: ಕಣ್ಣಿಗೆ ಕಾಣುವ ಹೊಸತು ಹೆಚ್ಚುಕಡಿಮೆ ಇಷ್ಟೇ. ಮುಖ್ಯ ಕೆಲಸ ನಡೆದದ್ದು ಕಾಣದ ಕಡೆ.

ಪ್ಲಾಸ್ಮಾ ಒಂದು ಪೂರ್ಣ ಕಾರ್ಯಾಚರಣ ವ್ಯವಸ್ಥೆಯಲ್ಲ. ಕೆಳಗೆ ಯಂತ್ರವನ್ನು ನಡೆಸುವುದು ಲಿನಕ್ಸ್; ಅದರ ಮೇಲೆ ಕಿಟಕಿಗಳು, ಮೆನು, ಗಡಿಯಾರ, ಕಡತಗಳ ಓಡಾಟ, ವೈಫೈ ಸೆಟ್ಟಿಂಗ್ ಎಲ್ಲವನ್ನೂ ಒದಗಿಸುವ ಪದರ ಪ್ಲಾಸ್ಮಾ. ಸಾಮಾನ್ಯ ಬಳಕೆದಾರನ ಮಟ್ಟಿಗೆ ಕಂಪ್ಯೂಟರ್ ಎಂದರೆ ಈ ಪದರವೇ. ಕುಬುಂಟು, ಫೆಡೋರಾದ ಕೆಡಿಇ ಆವೃತ್ತಿ, ನ್ಯೂರೆಂಬರ್ಗ್‌ನ ಸೂಸೆ ಕಂಪನಿಯ ಬೆಂಬಲದ ಓಪನ್‌ಸೂಸೆ ಮುಂತಾದ ಲಿನಕ್ಸ್ ವಿತರಣೆಗಳಲ್ಲಿ ಅದು ಸಿಗುತ್ತದೆ. ವಾಲ್ವ್ ಕಂಪನಿ 2022ರಲ್ಲಿ ಮಾರುಕಟ್ಟೆಗೆ ತಂದ ಸ್ಟೀಮ್ ಡೆಕ್ ಎಂಬ ಕೈಯಾಟದ ಯಂತ್ರವನ್ನು ಡೆಸ್ಕ್‌ಟಾಪ್ ಆಗಿ ಬದಲಿಸಿದರೂ ಎದುರಾಗುವುದು ಇದೇ ಪ್ಲಾಸ್ಮಾ.

ಇದನ್ನು ರೂಪಿಸುವ ಕೆಡಿಇ ಬಳಗದ ಹುಟ್ಟೂರು ದಕ್ಷಿಣ ಜರ್ಮನಿಯ ವಿಶ್ವವಿದ್ಯಾಲಯದ ಪಟ್ಟಣ ಟ್ಯೂಬಿಂಗೆನ್. ಅಲ್ಲಿನ ವಿದ್ಯಾರ್ಥಿ ಮಥಿಯಾಸ್ ಎಟ್ರಿಖ್ 1996ರ ಅಕ್ಟೋಬರ್ 14ರಂದು ಯೂಸ್‌ನೆಟ್ ಎಂಬ ಚರ್ಚಾವೇದಿಕೆಯಲ್ಲಿ ಒಂದು ಕರೆ ಹಾಕಿದರು. ಯುನಿಕ್ಸ್ ಯಂತ್ರಗಳಲ್ಲಿ ಪ್ರತಿಯೊಂದು ತಂತ್ರಾಂಶಕ್ಕೂ ತನ್ನದೇ ಬಣ್ಣ, ತನ್ನದೇ ಗುಂಡಿ, ತನ್ನದೇ ನಡವಳಿಕೆ ಇದ್ದ ಕಾಲ ಅದು. ಎಲ್ಲವೂ ಒಂದೇ ಕುಟುಂಬದವರಂತೆ ಕಾಣುವ, ತಂತ್ರಜ್ಞರಲ್ಲದವರೂ ಬಳಸಬಲ್ಲ ಡೆಸ್ಕ್‌ಟಾಪ್ ಕಟ್ಟೋಣ ಬನ್ನಿ ಎಂಬುದು ಕರೆಯ ಸಾರ. ಮರುವರ್ಷ ಆರ್ನ್ಸ್‌ಬರ್ಗ್‌ನಲ್ಲಿ ಬಳಗದ ಮೊದಲ ಭೇಟಿ ನಡೆಯಿತು. 1998ರ ಜುಲೈ 12ರಂದು ಮೊದಲ ಆವೃತ್ತಿ ಹೊರಬಂತು. 2009ರಲ್ಲಿ ಎಟ್ರಿಖ್ ಅವರಿಗೆ ಜರ್ಮನ್ ಗಣರಾಜ್ಯ ತನ್ನ ಆರ್ಡರ್ ಆಫ್ ಮೆರಿಟ್ ಗೌರವ ನೀಡಿತು. ಬಳಗದ ಹಣಕಾಸು ಮತ್ತು ಕಾನೂನಿನ ವ್ಯವಹಾರ ನೋಡಿಕೊಳ್ಳುವ ಕೆಡಿಇ ಇ.ವಿ. ಎಂಬ ನೋಂದಾಯಿತ ಸಂಘದ ಕಚೇರಿ ಈಗ ಬರ್ಲಿನ್‌ನಲ್ಲಿದೆ. ಬಳಗಕ್ಕೆ ಮಾಲೀಕರಿಲ್ಲ. ಕೆಲವರಿಗೆ ಕಂಪನಿಗಳು ಸಂಬಳ ಕೊಡುತ್ತವೆ, ಬಹಳಷ್ಟು ಜನ ಬಿಡುವಿನಲ್ಲಿ ದುಡಿಯುತ್ತಾರೆ.

ಪ್ಲಾಸ್ಮಾ 6 ಏಕೆ ಇಷ್ಟು ಸಪ್ಪೆಯಾಗಿ ಕಾಣುತ್ತದೆ ಎಂಬುದಕ್ಕೆ 2008ರ ಕಥೆ ಗೊತ್ತಿರಬೇಕು. ಆ ವರ್ಷದ ಜನವರಿಯಲ್ಲಿ ಬಂದ ಕೆಡಿಇ 4.0 ಎಲ್ಲವನ್ನೂ ಬುಡದಿಂದ ಬದಲಿಸಿತ್ತು. ತೋರಿಕೆ ಬೆರಗುಗೊಳಿಸುವಂತಿದ್ದರೂ ಹಿಂದಿನ ಆವೃತ್ತಿಯಲ್ಲಿ ಸಲೀಸಾಗಿ ಆಗುತ್ತಿದ್ದ ಎಷ್ಟೋ ಕೆಲಸ ಅದರಲ್ಲಿ ಆಗುತ್ತಿರಲಿಲ್ಲ. ಇದು ಮುಖ್ಯವಾಗಿ ತಂತ್ರಾಂಶ ಬರೆಯುವವರಿಗಾಗಿ ಎಂದು ಬಳಗ ಹೇಳಿಕೊಂಡಿತ್ತು. ಆದರೆ ವಿತರಣೆಗಳು ಬಳಕೆದಾರರ ಮುಂದೆ ಇಟ್ಟೇಬಿಟ್ಟವು. ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ ಅವರೇ ಬೇಸತ್ತು ಪ್ರತಿಸ್ಪರ್ಧಿ ಗ್ನೋಮ್ ಕಡೆಗೆ ಹೋದರು. ಆ ಏಟಿನ ನೆನಪು ಆಳವಾಗಿದೆ. 2014ರಲ್ಲಿ ಪ್ಲಾಸ್ಮಾ 5 ಬಂದಾಗಲೂ, ಹತ್ತು ವರ್ಷದ ಬಳಿಕ ಪ್ಲಾಸ್ಮಾ 6 ಬಂದಾಗಲೂ ಕೆಳಗಿನ ತಳಪಾಯವನ್ನು ಬದಲಿಸಿ ಬಳಕೆಯ ರೀತಿಯನ್ನು ಆದಷ್ಟು ಹಾಗೇ ಬಿಟ್ಟದ್ದು ಈ ಕಾರಣಕ್ಕೆ. ಜಾಹೀರಾತಿಗೆ ಒದಗದ ಜಾಣತನ ಇದು.

ತಳಪಾಯದ ಬದಲಾವಣೆ ಎರಡು. ಗುಂಡಿ, ಮೆನು, ಪಠ್ಯಪೆಟ್ಟಿಗೆಗಳನ್ನು ಬಿಡಿಸಿಕೊಡುವ ಕ್ಯೂಟ್ ಎಂಬ ತಂತ್ರಾಂಶ ಭಂಡಾರ ಐದರಿಂದ ಆರನೇ ಆವೃತ್ತಿಗೆ ಏರಿತು. ಅದಕ್ಕಿಂತ ದೊಡ್ಡದು ವೇಲ್ಯಾಂಡ್ ಕಡೆಗಿನ ಹೊರಳು. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿ, 1987ರಲ್ಲಿ ಹನ್ನೊಂದನೇ ಆವೃತ್ತಿ ತಲುಪಿ ಅಲ್ಲೇ ನೆಲೆ ನಿಂತ ಎಕ್ಸ್-11 ಎಂಬ ವ್ಯವಸ್ಥೆಯೇ ಯುನಿಕ್ಸ್ ಮತ್ತು ಲಿನಕ್ಸ್ ಪರದೆಗಳಿಗೆ ಚಿತ್ರ ಒದಗಿಸುತ್ತ ಬಂದಿತ್ತು. ಒಂದು ಕೋಣೆಯ ಮಾತು ಎಲ್ಲ ಕೋಣೆಗೂ ಕೇಳುವ ತೊಟ್ಟಿಮನೆಯಂತೆ ಅದರ ರಚನೆ: ಒಂದು ತಂತ್ರಾಂಶದಲ್ಲಿ ಒತ್ತಿದ ಕೀಲಿಗಳನ್ನು ಇನ್ನೊಂದು ಗುಟ್ಟಾಗಿ ಓದಬಹುದು, ಪರದೆಯ ಚಿತ್ರ ಕದಿಯಬಹುದು. ನಂಬಿಕಸ್ಥರೇ ಕೂಡಿದ್ದ ಪ್ರಯೋಗಾಲಯಗಳಲ್ಲಿ ಅದು ಚಿಂತೆಯ ಮಾತಾಗಿರಲಿಲ್ಲ. ಬ್ಯಾಂಕಿನ ಪಾಸ್‌ವರ್ಡ್ ಟೈಪಿಸುವ ಯಂತ್ರದಲ್ಲಿ ಚಿಂತೆಯೇ. ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಆರಂಭಿಸಿದ ವೇಲ್ಯಾಂಡ್‌ನಲ್ಲಿ ಪ್ರತಿಯೊಂದು ತಂತ್ರಾಂಶಕ್ಕೂ ತನ್ನ ಕಿಟಕಿಯಷ್ಟೇ ಕಾಣುತ್ತದೆ. ಪರದೆ ಹಂಚಿಕೊಳ್ಳಬೇಕಾದರೆ ಬಳಕೆದಾರನ ಒಪ್ಪಿಗೆ ಕೇಳಬೇಕು. ಕೆಡಿಇ ಇದರತ್ತ ವರ್ಷಗಳ ಕಾಲ ನಡೆದು ಬಂದು, ಆರನೇ ಆವೃತ್ತಿಯಲ್ಲಿ ಅದನ್ನೇ ಸಹಜ ಆಯ್ಕೆಯಾಗಿಸಿತು.

ವೇಲ್ಯಾಂಡ್‌ನಿಂದ ಬಂದ ದಿನನಿತ್ಯದ ಲಾಭ ಲ್ಯಾಪ್‌ಟಾಪಿಗೆ ಎರಡನೆಯ ಮಾನಿಟರ್ ಜೋಡಿಸಿದಾಗ ತಿಳಿಯುತ್ತದೆ. ಚಿಕ್ಕ ಪರದೆಯಲ್ಲಿ ಅಕ್ಷರ ಶೇಕಡ 150, ದೊಡ್ಡದರಲ್ಲಿ ಶೇಕಡ 100 ಇರಲಿ ಎಂದರೆ ಎಕ್ಸ್-11 ಒದ್ದಾಡುತ್ತಿತ್ತು. ವೇಲ್ಯಾಂಡ್‌ನಲ್ಲಿ ಪ್ರತಿ ಪರದೆಗೂ ಅದರದೇ ಅಳತೆ. ಆದರೂ ಶೇಕಡ 125ರಂಥ ಮುರಿದ ಅಳತೆಗಳಲ್ಲಿ ಒಂದು ಗೆರೆ ಒಂದೂಕಾಲು ಪಿಕ್ಸೆಲ್ ದಪ್ಪವಾಗಬೇಕಾಗುತ್ತದೆ. ಕಾಲು ಪಿಕ್ಸೆಲ್ ಎಂಬುದು ಇಲ್ಲವಾದ್ದರಿಂದ ಅಂಚುಗಳು ಮಸುಕಾಗುತ್ತವೆ, ಕಿಟಕಿಗಳ ನಡುವೆ ಎಳೆಯಷ್ಟು ಸಂದು ಬೀಳುತ್ತದೆ. 2025ರ ಫೆಬ್ರುವರಿಯ ಪ್ಲಾಸ್ಮಾ 6.3 ಈ ಲೆಕ್ಕಾಚಾರವನ್ನೇ ತಿದ್ದಿ, ಎಲ್ಲವೂ ಪರದೆಯ ಪಿಕ್ಸೆಲ್ ಚೌಕಗಳಿಗೆ ಸರಿಯಾಗಿ ಕೂರುವಂತೆ ಮಾಡಿತು. ಒತ್ತಕ್ಷರ, ಗುಣಿತದ ಕೊಂಬುಗಳಿರುವ ಕನ್ನಡದಂಥ ಲಿಪಿ ಓದುವವರಿಗೆ ಇದು ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡ ಉಪಕಾರ.

ಪ್ಲಾಸ್ಮಾ 6ರ ಇತರ ಆವೃತ್ತಿಗಳ ಹೊಸ ಸೌಲಭ್ಯಗಳು ಹಲವು. 2024ರ ಜೂನ್‌ನ 6.1ರಲ್ಲಿ ದೂರದ ಯಂತ್ರದಿಂದ ಈ ಡೆಸ್ಕ್‌ಟಾಪ್ ನಡೆಸುವ ಏರ್ಪಾಡು ಬಂತು. ಪರದೆಯಲ್ಲಿ ಮೌಸಿನ ಬಾಣ ಎಲ್ಲಿ ಹೋಯಿತೆಂದು ತಿಳಿಯದಾದಾಗ ಮೌಸನ್ನು ಗಡಗಡ ಅಲ್ಲಾಡಿಸಿದರೆ ಬಾಣ ದೊಡ್ಡದಾಗಿ ಕಾಣಿಸಿಕೊಳ್ಳುವ ಉಪಾಯವೂ ಬಂತು. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದವರನ್ನು ಕಾಡುತ್ತಿದ್ದ ಮಿಣುಕಾಟಕ್ಕೆ, ಚಿತ್ರ ಸಿದ್ಧವಾದ ಮೇಲಷ್ಟೇ ಪರದೆಗೆ ಬರಲಿ ಎಂದು ಸ್ಪಷ್ಟವಾಗಿ ಹೇಳುವ ವ್ಯವಸ್ಥೆಯಿಂದ ಮದ್ದಾಯಿತು. ಅಕ್ಟೋಬರ್‌ನ 6.2 ಚಿತ್ರಕಾರರ ಟ್ಯಾಬ್ಲೆಟ್‌ಗಳತ್ತ ಗಮನ ಕೊಟ್ಟಿತು, ಜೊತೆಗೆ ವರ್ಷಕ್ಕೊಮ್ಮೆ ಡಿಸೆಂಬರ್‌ನಲ್ಲಿ ದೇಣಿಗೆ ಕೇಳುವ ಒಂದು ಸಣ್ಣ ಸೂಚನೆಯನ್ನೂ ತಂದಿತು. ಬೇಡವೆಂದರೆ ಅದನ್ನು ಮುಚ್ಚಿಬಿಡಬಹುದು. 2025ರ ಜೂನ್‌ನ 6.4ರಲ್ಲಿ ಒಂದೊಂದು ವರ್ಚುವಲ್ ಡೆಸ್ಕ್‌ಟಾಪಿಗೂ ಕಿಟಕಿಗಳನ್ನು ಬೇರೆಬೇರೆ ಕ್ರಮದಲ್ಲಿ ಜೋಡಿಸಿಡಬಹುದು. ಅದೇ ವರ್ಷದ ಅಕ್ಟೋಬರ್ 21ರಂದು ಬಂದ 6.5ರಲ್ಲಿ ಹಗಲಿಗೆ ತಿಳಿ, ಇರುಳಿಗೆ ಗಾಢ ಬಣ್ಣ ತಾನಾಗಿ ಬದಲಾಗುತ್ತದೆ, ಕಿಟಕಿಗಳ ಕೆಳಮೂಲೆಗಳೂ ದುಂಡಗಾದವು. ಹುಡುಕುಪೆಟ್ಟಿಗೆಯಲ್ಲಿ ತಂತ್ರಾಂಶದ ಹೆಸರನ್ನು ತಪ್ಪಾಗಿ ಟೈಪಿಸಿದರೂ ಊಹಿಸಿಕೊಳ್ಳುತ್ತದೆ, ಪದೇ ಪದೇ ಬೇಕಾಗುವ ಪಠ್ಯವನ್ನು ಕ್ಲಿಪ್‌ಬೋರ್ಡಿನಲ್ಲಿ ಖಾಯಂ ಇಟ್ಟುಕೊಳ್ಳಬಹುದು.

ರಿಪೇರಿಯ ಕ್ರಮ ಇನ್ನೂ ಸ್ವಾರಸ್ಯದ್ದು. ಹೊಸ ಆವೃತ್ತಿ ಬಂದ ಒಂದು ವಾರಕ್ಕೆ ಮೊದಲ ತಿದ್ದುಪಡಿ, ಮತ್ತೊಂದು ವಾರಕ್ಕೆ ಎರಡನೆಯದು, ಅನಂತರ ಎರಡು ವಾರಕ್ಕೆ, ಮೂರು ವಾರಕ್ಕೆ, ಐದು ವಾರಕ್ಕೆ. ಅಕ್ಟೋಬರ್ 21ರ 6.5ಕ್ಕೆ ಅಕ್ಟೋಬರ್ 28, ನವೆಂಬರ್ 4, ನವೆಂಬರ್ 18, ಡಿಸೆಂಬರ್ 9, ಜನವರಿ 13 ಎಂದು ತಿದ್ದುಪಡಿಗಳು ಬಂದದ್ದು ಈ ಲೆಕ್ಕದಲ್ಲೇ. ದೋಷಗಳು ಹೆಚ್ಚು ಬಯಲಾಗುವುದು ಆರಂಭದ ದಿನಗಳಲ್ಲಿ, ಆಮೇಲೆ ವಿರಳ. ಹಾಗಾಗಿ 1, 1, 2, 3, 5 ಎಂದು ಸಾಗುವ ಫಿಬೊನಾಚಿ ಸರಣಿ ಇಲ್ಲಿ ಸೊಗಸಾಗಿ ಹೊಂದುತ್ತದೆ. ಇಟಲಿಯ ಗಣಿತಜ್ಞನ ಹೆಸರು ಹೊತ್ತ ಈ ಸರಣಿ ಶಾಲೆಯಲ್ಲಿ ಛಂದಸ್ಸು ಕಲಿತವರಿಗೆ ಹೊಸದಲ್ಲ: ಲಘು ಗುರುಗಳಿಂದ ಮೂರು ಮಾತ್ರೆಯ ಗಣವನ್ನು 3 ರೀತಿಯಲ್ಲಿ, ನಾಲ್ಕು ಮಾತ್ರೆಯದನ್ನು 5 ರೀತಿಯಲ್ಲಿ, ಐದು ಮಾತ್ರೆಯದನ್ನು 8 ರೀತಿಯಲ್ಲಿ ಕಟ್ಟಬಹುದು. ಹನ್ನೆರಡನೇ ಶತಮಾನದ ಹೇಮಚಂದ್ರ ಈ ಎಣಿಕೆಯನ್ನು ಫಿಬೊನಾಚಿಗಿಂತ ಮೊದಲೇ ವಿವರಿಸಿದ್ದ.

ಯಾವ ದೋಷ ಮೊದಲು ತಿದ್ದಬೇಕು ಎಂಬುದಕ್ಕೂ 2022ರಿಂದ ಒಂದು ಸೂತ್ರವಿದೆ. ಹೊಸಬನೊಬ್ಬ ಕಂಪ್ಯೂಟರ್ ಮುಂದೆ ಕೂತ ಹದಿನೈದು ನಿಮಿಷದೊಳಗೆ ಎದುರಾಗುವ ದೋಷಗಳನ್ನು ಬೇರೆ ಪಟ್ಟಿಯಲ್ಲಿಟ್ಟು ಮೊದಲು ಅವುಗಳ ಬೆನ್ನು ಹತ್ತುವುದು. ಅಪರೂಪದ ಯಂತ್ರದಲ್ಲಿ ಅಪರೂಪಕ್ಕೆ ಕಾಣುವ ತೊಡಕಿಗಿಂತ ಎಲ್ಲರ ಕಣ್ಣಿಗೂ ಚುಚ್ಚುವ ತೊಡಕು ಮುಂದೆ ಬರಬೇಕೆಂಬ ಈ ನ್ಯಾಯ ಎಷ್ಟು ಸರಳವೆಂದರೆ, ಮೊದಲೇ ಏಕೆ ಹೊಳೆಯಲಿಲ್ಲ ಎನಿಸುತ್ತದೆ.

ಕನ್ನಡಕ್ಕೂ ಈ ಕಥೆಯಲ್ಲಿ ಪಾಲಿದೆ. ಒತ್ತಕ್ಷರಗಳನ್ನು ಸರಿಯಾದ ಜಾಗಕ್ಕೆ ತಂದು ಕೂರಿಸುವ ಕೆಲಸವನ್ನು ಕ್ಯೂಟ್ ಒಂದು ಬಗೆಯಲ್ಲಿ, ಗ್ನೋಮ್ ಬಳಗದ ಪ್ಯಾಂಗೊ ಇನ್ನೊಂದು ಬಗೆಯಲ್ಲಿ ಮಾಡುತ್ತಿದ್ದ ಕಾಲವಿತ್ತು. ಆ ದುಡಿಮೆ ಒಂದಾಗಿ ಹಾರ್ಫ್‌ಬಜ್ ಎಂಬ ಸಾಧನ ಬೆಳೆಯಿತು. ಇಂದು ಪ್ಲಾಸ್ಮಾದಲ್ಲಷ್ಟೇ ಅಲ್ಲ, ಆಂಡ್ರಾಯ್ಡ್ ಫೋನಿನಲ್ಲೂ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲೂ ಕನ್ನಡ ಮೂಡಿಸುವುದು ಅದೇ. ಟೈಪಿಸಲು ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ ಕನ್ನಡದ ಆಯ್ಕೆಗಳ ನಡುವೆ ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸವೂ ಸಿಗುತ್ತದೆ; ಬೇರೇನೂ ಹಾಕಿಕೊಳ್ಳಬೇಕಿಲ್ಲ. ಫಿಟಿಕ್ಸ್-5ರಂಥ ಬೇರೆ ಟೈಪಿಂಗ್ ಸಾಧನ ಬೇಕೆನ್ನುವವರು ಮಾತ್ರ ವೇಲ್ಯಾಂಡ್‌ನಲ್ಲಿ ಅದನ್ನು ವರ್ಚುವಲ್ ಕೀಬೋರ್ಡ್ ಎಂಬ ಪುಟದಲ್ಲಿ ಆರಿಸಬೇಕು. ಭೌತಿಕ ಕೀಲಿಮಣೆ ಇರುವವರು ಅಲ್ಲಿ ಹುಡುಕಲು ಯೋಚಿಸುವುದೇ ಇಲ್ಲ, ಎಷ್ಟೋ ಗೊಂದಲಕ್ಕೆ ಇದೇ ಮೂಲ. ಮೆನುಗಳ ಕನ್ನಡ ಅನುವಾದ ಹಿಂದೆಯೇ ಶುರುವಾಗಿದ್ದರೂ ಪೂರ್ಣವಾಗಿಲ್ಲ. ಭಾರತದ ಕೆಡಿಇ ಬಳಗದ ಮೊದಲ ಸಮ್ಮೇಳನ ನಡೆದದ್ದು 2011ರ ಮಾರ್ಚ್‌ನಲ್ಲಿ, ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ.

ಜರ್ಮನಿಯಲ್ಲಿ ಈ ಡೆಸ್ಕ್‌ಟಾಪಿನ ಸಾರ್ವಜನಿಕ ಬಾಳು ಏರಿಳಿತದ್ದು. ಮ್ಯೂನಿಕ್ ನಗರಸಭೆ 2003ರಲ್ಲಿ ವಿಂಡೋಸ್ ಬಿಡಲು ನಿರ್ಧರಿಸಿ, ಕೆಡಿಇ ಇದ್ದ ಲಿಮುಕ್ಸ್ ಎಂಬ ವ್ಯವಸ್ಥೆಯನ್ನು 2013ರ ಹೊತ್ತಿಗೆ ಸುಮಾರು 15,000 ಯಂತ್ರಗಳಿಗೆ ಹಾಕಿತ್ತು. 2017ರಲ್ಲಿ ಮರಳಿ ವಿಂಡೋಸಿಗೆ ಹೋಗಲು ಮತ ಹಾಕಿತು. ಇನ್ನೊಂದು ಕಡೆ, ಕೆಡಿಇಯ ಪಿಡಿಎಫ್ ಓದುಗ ಓಕ್ಯುಲರ್‌ಗೆ 2022ರಲ್ಲಿ ಜರ್ಮನಿಯ ಬ್ಲೂ ಏಂಜೆಲ್ ಪರಿಸರ ಮುದ್ರೆ ದೊರೆಯಿತು. ತಂತ್ರಾಂಶವೊಂದಕ್ಕೆ ಆ ಮುದ್ರೆ ಸಿಕ್ಕಿದ್ದು ಅದೇ ಮೊದಲು. ಎಷ್ಟು ವಿದ್ಯುತ್ ಬಳಸುತ್ತದೆ, ಹಳೆಯ ಯಂತ್ರದಲ್ಲಿ ನಡೆಯುತ್ತದೆಯೇ ಎಂಬುದನ್ನು ಅದಕ್ಕಾಗಿ ಅಳೆಯಲಾಗುತ್ತದೆ. 2025ರಲ್ಲಿ ಈ ಪ್ರಶ್ನೆಗೆ ಹೊಸ ತೂಕ ಬಂತು: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಹಜ ಬೆಂಬಲ ನಿಲ್ಲಿಸಿದ ದಿನ ಅಕ್ಟೋಬರ್ 14. ಕೆಡಿಇಗೆ ಆ ದಿನ ಇಪ್ಪತ್ತೊಂಬತ್ತು ತುಂಬಿತ್ತು. ವಿಂಡೋಸ್ 11 ಒಪ್ಪದ ಯಂತ್ರಗಳನ್ನು ಗುಜರಿಗೆ ಹಾಕದೆ ಲಿನಕ್ಸ್ ಹಾಕಿಕೊಳ್ಳಿ ಎಂಬ ಪ್ರಚಾರಕ್ಕೆ ಬಳಗದ ಪರಿಸರ ವಿಭಾಗವೂ ಕೈಜೋಡಿಸಿತ್ತು.

2025ರ ನವೆಂಬರ್‌ನಲ್ಲಿ ಬಳಗ ಮುಂದಿನ ಹೆಜ್ಜೆಯನ್ನು ಪ್ರಕಟಿಸಿತು: ಪ್ಲಾಸ್ಮಾ 6.8ರಿಂದ ಎಕ್ಸ್-11ರಲ್ಲಿ ಲಾಗಿನ್ ಆಗುವ ದಾರಿ ಇರುವುದಿಲ್ಲ. ಎಕ್ಸ್-11ಕ್ಕಾಗಿ ಬರೆದ ಹಳೆಯ ತಂತ್ರಾಂಶಗಳು ಎಕ್ಸ್‌ವೇಲ್ಯಾಂಡ್ ಎಂಬ ಸೇತುವೆಯ ಮೂಲಕ ಮೊದಲಿನಂತೆಯೇ ನಡೆಯುತ್ತವೆ. ಹಳೆಯ ಪದ್ಧತಿಯ ಲಾಗಿನ್ ಬಿಡಲಾಗದವರಿಗೆ 2027ರ ಆರಂಭದವರೆಗೆ ಬಳಗದ ತಿದ್ದುಪಡಿ ಸಿಗಲಿದೆ; ಆಮೇಲೂ ಬೇಕಾದರೆ ದೀರ್ಘಾವಧಿ ಬೆಂಬಲ ಕೊಡುವ ಲಿನಕ್ಸ್ ವಿತರಣೆಗಳನ್ನು ಆಶ್ರಯಿಸಬೇಕು.