ಫಿಟ್ಸ್‌ಗೆ ಕಬ್ಬಿಣ ಬೇಡ, ಮಾತ್ರೆ ಬೇಕು

ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಯಂಥ ಜನಜಂಗುಳಿಯಲ್ಲಿ ಯಾರಾದರೂ ಫಿಟ್ಸ್ ಬಂದು ಬಿದ್ದರೆನ್ನಿ. ಒಬ್ಬರು ಕೈಗೆ ಬೀಗದ ಕೈ ತುರುಕುತ್ತಾರೆ, ಇನ್ನೊಬ್ಬರು ಈರುಳ್ಳಿ ಹಿಡಿಯುತ್ತಾರೆ, ಮತ್ತೊಬ್ಬರು ಚಪ್ಪಲಿ ಮೂಸಿಸುತ್ತಾರೆ. ಅಷ್ಟರಲ್ಲಿ ಸೆಳವು ನಿಲ್ಲುತ್ತದೆ. ಕೀರ್ತಿ ಕಬ್ಬಿಣಕ್ಕೆ ಸಲ್ಲುತ್ತದೆ! ನಿಜವೆಂದರೆ, ಹೆಚ್ಚಿನ ಸೆಳವುಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ.

ಮೂರ್ಛೆರೋಗ ದೆವ್ವದ ಕಾಟವಲ್ಲ, ಪೂರ್ವಜನ್ಮದ ಪಾಪವಲ್ಲ, ಹುಚ್ಚೂ ಅಲ್ಲ. ಮಿದುಳಿನ ನರಕೋಶಗಳ ವಿದ್ಯುತ್ ಸಂಚಾರ ಕೆಲ ಕ್ಷಣ ಹದ ತಪ್ಪಿದಾಗ ಸೆಳವು ಬರುತ್ತದೆ. ಬಾಯಿಯ ನೊರೆ ಮುಟ್ಟಿದರೆ ಅದು ಅಂಟುವುದಿಲ್ಲ. ತಲೆಗೆ ಬಿದ್ದ ಪೆಟ್ಟು, ಮಿದುಳು ಜ್ವರ, ತೊಳೆಯದ ಸೊಪ್ಪು ತರಕಾರಿಯ ಮೂಲಕ ಹೊಟ್ಟೆ ಸೇರುವ ಲಾಡಿಹುಳುವಿನ ಮೊಟ್ಟೆ, ಹೀಗೆ ಕಾರಣಗಳು ಹಲವು. ಎಷ್ಟೋ ಮಂದಿಯಲ್ಲಿ ಕಾರಣ ತಿಳಿಯುವುದೇ ಇಲ್ಲ.

ಬಿಸಿನೀರಿನ ಮೂರ್ಛೆ

ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಂಡುಬಂದಿರುವ ಒಂದು ಬಗೆ ಇದು. ಹಂಡೆಯ ಸುಡುನೀರನ್ನು ಚೊಂಬಿನಲ್ಲಿ ತಲೆಗೆ ಸುರಿದುಕೊಳ್ಳುವಾಗ ಸೆಳವು ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಬಚ್ಚಲಲ್ಲಿ ಗಾಳಿ ಸೋಕಿತೆಂದು ತಾಯಿತ ಕಟ್ಟಿಸಬೇಡಿ. ತಲೆಗೆ ಉಗುರುಬೆಚ್ಚಗಿನ ನೀರು ಹಾಕಿ, ವೈದ್ಯರಿಗೆ ತೋರಿಸಿ.

ಅಗ್ಗದ ಔಷಧಿ, ದುಬಾರಿ ಗುಟ್ಟು

ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳಿಂದಲೇ ಹಲವರ ಸೆಳವನ್ನು ಹತೋಟಿಗೆ ತಂದರು. ಅವರ ವರದಿ 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಸರಿಯಾದ ಚಿಕಿತ್ಸೆ ದೊರೆತರೆ 100ರಲ್ಲಿ 70 ಮಂದಿ ಸೆಳವಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದರೂ ಮನೆಮಂದಿ ಬಚ್ಚಿಡುತ್ತಾರೆ, ಮಗಳ ಮದುವೆ ನಿಂತೀತೆಂಬ ಭಯ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಕಾಯ್ದೆ ಬಿಟ್ಟಿತು, ನಾವು ಬಿಟ್ಟಿಲ್ಲ. ಗುಟ್ಟು ಹೊತ್ತು ಹೋದ ಹುಡುಗಿ ಅತ್ತೆಮನೆಯಲ್ಲಿ ಮಾತ್ರೆ ನುಂಗಲು ಅಂಜುತ್ತಾಳೆ; ತಟ್ಟನೆ ಬಿಟ್ಟರೆ ಸೆಳವು ಮರಳುತ್ತದೆ, ಪ್ರಾಣಕ್ಕೂ ಅಪಾಯ. ಮೊದಲೇ ಬಾಯಿಬಿಟ್ಟು ಹೇಳುವುದೇ ಕ್ಷೇಮ.

ವಿದ್ಯಾರ್ಥಿಗಳೇ, ನೆನಪಿಡಿ

ಸಹಪಾಠಿಗೆ ಫಿಟ್ಸ್ ಬಂದರೆ ಸುತ್ತಲ ಬೆಂಚು, ಕಲ್ಲು ಸರಿಸಿ. ತಲೆಯಡಿ ಮೆತ್ತನೆಯದೇನಾದರೂ ಇಡಿ. ಒಂದು ಮಗ್ಗುಲಿಗೆ ಹೊರಳಿಸಿ. ಕೈಕಾಲು ಅದುಮಬೇಡಿ, ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. 5 ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ. ಎಚ್ಚರವಾದ ಮೇಲೆ ನಗಬೇಡಿ, ಜೊತೆಗೆ ಕೂತಿರಿ. ಮರುದಿನ ಅದೇ ಬೆಂಚಿನಲ್ಲಿ ಪಕ್ಕದಲ್ಲೇ ಕೂರಿ. ಆ ಮದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.