ಓರೆ ಬೆಳಕಿನಲ್ಲಿ ಕಂಡ ಅಕ್ಷರ

ನಮ್ಮೂರಿನ ಹಳೆಯ ಬಾವಿಯ ಪಕ್ಕದಲ್ಲಿ ಐದು ಅಡಿ ಉದ್ದದ ಒಂದು ಚಪ್ಪಡಿ ಕಲ್ಲಿದೆ. ಊರು ಚಿತ್ತಾಪುರ ತಾಲ್ಲೂಕಿನದು. ನಮ್ಮ ಕಡೆ ಚಪ್ಪಡಿ ಕಲ್ಲಿಗೇನೂ ಕೊರತೆಯಿಲ್ಲ. ಮನೆಯ ನೆಲ, ಗೋಡೆ, ಮಾಳಿಗೆ, ಹೊಲದ ಬದು ಎಲ್ಲಕ್ಕೂ ಶಹಾಬಾದ್ ಕಲ್ಲೇ. ಆದರೆ ಈ ಒಂದು ಕಲ್ಲನ್ನು ಮಾತ್ರ ನಮ್ಮಜ್ಜಿ ‘ಬರದ ಕಲ್ಲು’ ಎಂದು ಕರೆಯುತ್ತಿದ್ದಳು. ಹಾಸ್ಟೆಲಿನಲ್ಲಿ ಮೈಸೂರು ಕಡೆಯ ಗೆಳೆಯರಿಗೆ ಹೇಳಿದಾಗ ‘ಬರಗಾಲದ ಕಲ್ಲಾ?’ ಎಂದು ನಕ್ಕಿದ್ದರು. ಅಲ್ಲ, ಬರೆದಿರುವ ಕಲ್ಲು. ಅದರ ಮೇಲೆ ಅಕ್ಷರಗಳಿವೆ ಎಂದು ಊರಿಗೆಲ್ಲ ಗೊತ್ತಿತ್ತು. ಏನು ಬರೆದಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಎಷ್ಟೋ ತಲೆಮಾರುಗಳಿಂದ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು.

ಹೋದ ವರ್ಷದ ದಸರಾ ರಜೆಯಲ್ಲಿ ಅದರ ಫೋಟೊ ತೆಗೆಯಬೇಕೆಂದು ಹೊರಟೆ. ಮಧ್ಯಾಹ್ನ ಹನ್ನೆರಡು ಗಂಟೆಗೆ ಮೊಬೈಲ್ ಹಿಡಿದು ನಿಂತರೆ ಪರದೆಯ ತುಂಬ ಬರೀ ಬಿಳಿ ಹೊಳಪು. ಸಾಬೂನು, ನೀರು, ಬಟ್ಟೆ ತಿಕ್ಕಿ ತಿಕ್ಕಿ ಕಲ್ಲು ಕನ್ನಡಿಯಂತೆ ನುಣುಪಾಗಿತ್ತು. ಕಲ್ಲು ಕೊಳೆಯಾಗಿರುವುದರಿಂದ ಅಕ್ಷರ ಕಾಣುತ್ತಿಲ್ಲ ಎಂದುಕೊಂಡೆ. ಮನೆಗೆ ಹೋಗಿ ಬಚ್ಚಲು ತೊಳೆಯುವ ಆ್ಯಸಿಡ್ ಬಾಟಲಿ ತಂದು ನಡುವಿನ ಒಂದು ಭಾಗಕ್ಕೆ ಸುರಿದೆ. ಕಲ್ಲು ‘ಚುರ್’ ಎಂದು ನೊರೆ ಉಕ್ಕಿಸಿತು. ಬ್ರಶ್‌ನಿಂದ ಉಜ್ಜಿದೆ. ನೀರು ಹಾಕಿ ನೋಡಿದರೆ ಅಂಗೈ ಅಗಲದ ಜಾಗ ಬೆಳ್ಳಗಾಗಿತ್ತು. ಅಲ್ಲಿ ಬೆರಳಿಗೆ ತಾಗುತ್ತಿದ್ದ ಗೆರೆಗಳು ಈಗ ತಾಗಲಿಲ್ಲ.

ನಾನು ಬಿ.ಇ. ಓದುವ ಹುಡುಗ. ಸುಣ್ಣದಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿದರೆ ಕಲ್ಲು ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ ಎಂದು ಹತ್ತನೇ ತರಗತಿಯಲ್ಲೇ ಬರೆದು ಅಂಕ ಪಡೆದವನು. ಅಪ್ಪ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸಗಾರ. ಸಂಜೆ ಬಂದವನು ಕಲ್ಲು ನೋಡಿ, ‘ನಮ್ಮ ಕಲ್ಲಿಗಿ ಆ್ಯಸಿಡ್ ಹಾಕಬಾರದಂತ ಕೂಲಿ ಮಂದಿಗೂ ಗೊತ್ತದ. ನಿನಗ ಗೊತ್ತಿಲ್ಲೇನು?’ ಎಂದಷ್ಟೇ ಕೇಳಿದ. ಅಂದು ಊಟ ಸೇರಲಿಲ್ಲ.

ಅಂದಿನಿಂದ ಒಂದು ಮಾತು ಗಟ್ಟಿ ಮಾಡಿಕೊಂಡೆ. ಇನ್ನು ಕಲ್ಲನ್ನು ಮುಟ್ಟುವುದಿಲ್ಲ. ಮಾಡುವುದೇನಿದ್ದರೂ ಬೆಳಕಿನಿಂದಲೇ.

ಮೊದಲು ಹೊಳಪಿನ ಸಮಸ್ಯೆ. ಬಿಸಿಲಿನ ಬೆಳಕು ಎಲ್ಲ ದಿಕ್ಕಿನಲ್ಲೂ ಕಂಪಿಸುತ್ತಾ ಬರುತ್ತದೆ. ಅದು ನೀರು, ಗಾಜು, ನುಣುಪಾದ ಕಲ್ಲಿನ ಮೇಲೆ ಓರೆಯಾಗಿ ಬಿದ್ದು ಪ್ರತಿಫಲಿಸಿದಾಗ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಇದೇ ಧ್ರುವೀಕರಣ. 1808ರಲ್ಲಿ ಪ್ಯಾರಿಸ್ಸಿನಲ್ಲಿ ಎಟಿಯೆನ್ ಲೂಯಿ ಮಾಲುಸ್ ಎಂಬ ಎಂಜಿನಿಯರ್, ಎದುರಿನ ಅರಮನೆಯ ಕಿಟಕಿ ಗಾಜಿನಲ್ಲಿ ಹೊಳೆಯುತ್ತಿದ್ದ ಸಂಜೆಯ ಸೂರ್ಯನನ್ನು ಒಂದು ಹರಳಿನ ಮೂಲಕ ನೋಡುತ್ತಿದ್ದ. ಹರಳು ತಿರುಗಿಸಿದಾಗ ಪ್ರತಿಬಿಂಬ ಮಂಕಾಗುವುದನ್ನು ಕಂಡ. ಆ ಹರಳು ಕ್ಯಾಲ್ಸೈಟ್. ನಮ್ಮ ಶಹಾಬಾದ್ ಕಲ್ಲಿನ ಮುಖ್ಯ ಖನಿಜವೂ ಅದೇ. ಅಲ್ಲಿ ಪಾರದರ್ಶಕ ಹರಳು, ಇಲ್ಲಿ ನೆಲಕ್ಕೆ ಹಾಸುವ ಚಪ್ಪಡಿ. ಇದನ್ನು ಓದಿದ ದಿನ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ.

ಕ್ಯಾಮೆರಾಕ್ಕೆ ಹಾಕುವ ಪೋಲರೈಸಿಂಗ್ ಫಿಲ್ಟರ್ ಈ ಒಂದು ದಿಕ್ಕಿನ ಹೊಳಪನ್ನು ತಡೆದು, ಉಳಿದ ಬೆಳಕನ್ನು ಒಳಗೆ ಬಿಡುತ್ತದೆ. ಒಳ್ಳೆಯ ಫಿಲ್ಟರಿನ ಬೆಲೆ ನನ್ನ ತಿಂಗಳ ಮೆಸ್ ಬಿಲ್ಲಿಗೆ ಸಮ. ಅದಕ್ಕೇ ಕೆಟ್ಟುಹೋದ ಕ್ಯಾಲ್ಕುಲೇಟರ್ ಬಿಚ್ಚಿದೆ. ಎಲ್‌ಸಿಡಿ ಪರದೆಗೆ ಅಂಟಿಸಿರುವ ತೆಳು ಹಾಳೆಯೂ ಪೋಲರೈಸರೇ. ಅದನ್ನು ಹುಷಾರಾಗಿ ಬಿಡಿಸಿ, ಅಂಟು ಒರೆಸಿ, ಮೊಬೈಲ್ ಲೆನ್ಸಿನ ಮುಂದೆ ಹಿಡಿದು ನಿಧಾನ ತಿರುಗಿಸಿದರೆ ಒಂದು ಕೋನದಲ್ಲಿ ಹೊಳಪು ಮಾಯವಾಗುತ್ತದೆ. ಎಲ್ಲಿ ನಿಂತು ನೋಡಬೇಕು ಎಂಬುದಕ್ಕೂ ಲೆಕ್ಕವಿದೆ. ಡೇವಿಡ್ ಬ್ರೂಸ್ಟರ್ 1815ರಲ್ಲಿ ಕೊಟ್ಟ ಸೂತ್ರದಂತೆ ನೀರಿಗೆ ಲಂಬದಿಂದ ಸುಮಾರು 53 ಡಿಗ್ರಿ, ಗಾಜಿಗೆ 56, ನಮ್ಮ ಕಲ್ಲಿಗೆ ಸುಮಾರು 58 ಡಿಗ್ರಿ. ನೇರ ಮೇಲಿನಿಂದ ಬಾಗಿ ನೋಡಿದರೆ ಫಿಲ್ಟರ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಉಕ್ಕು, ಹಿತ್ತಾಳೆಯಂಥ ಲೋಹದ ಹೊಳಪಿಗೂ ಇದು ಹೆಚ್ಚು ಕೆಲಸ ಮಾಡದು.

ಹೊಳಪು ಹೋಯಿತು. ಕಲ್ಲಿನ ನಿಜವಾದ ಬೂದು ಬಣ್ಣ ಕಂಡಿತು. ಅಕ್ಷರ ಮಾತ್ರ ಇನ್ನೂ ಕಾಣಲಿಲ್ಲ. ಏಕೆಂದರೆ ಅಕ್ಷರಕ್ಕೂ ಕಲ್ಲಿಗೂ ಬಣ್ಣ ಒಂದೇ, ವ್ಯತ್ಯಾಸ ಇರುವುದು ಆಳದಲ್ಲಿ. ಆಳ ಕಾಣಬೇಕಾದರೆ ನೆರಳು ಬೇಕು. ನೆರಳು ಬೀಳಬೇಕಾದರೆ ಬೆಳಕು ಕಲ್ಲಿಗೆ ಸವರಿಕೊಂಡು ಬರಬೇಕು. ರಾತ್ರಿ ರಸ್ತೆಯಲ್ಲಿ ಬೈಕಿನ ಹೆಡ್‌ಲೈಟಿಗೆ ಸಣ್ಣ ಗುಂಡಿಯೂ ದೊಡ್ಡದಾಗಿ ಕಾಣುವುದಿಲ್ಲವೇ? ಅದೇ ತತ್ವ.

ದೀಪಾವಳಿಗೆ ಊರಿಗೆ ಹೋದಾಗ ವಾಡಿಯ ಗೆಳೆಯನೊಬ್ಬ ಅವರ ಮಾಮನ ಹಳೆಯ ಮದುವೆ ಕ್ಯಾಮೆರಾ ತಂದ. ರಾತ್ರಿ ಒಂಬತ್ತಕ್ಕೆ ಬಾವಿಯ ಹತ್ತಿರ ಸೇರಿದೆವು. ಕರೆಂಟ್ ಹೋದದ್ದು ನಮಗೆ ಅನುಕೂಲವೇ ಆಯಿತು. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು ಕಲ್ಲಿನ ಮೇಲೆ ನೇರಕ್ಕೆ ನಿಲ್ಲಿಸಿದೆವು. ಟಾರ್ಚನ್ನು ಕಲ್ಲಿನ ಪಕ್ಕ ಹತ್ತು ಹದಿನೈದು ಡಿಗ್ರಿ ಎತ್ತರದಲ್ಲಿ ಹಿಡಿದ ಕೂಡಲೇ ಅಜ್ಜಿ, ‘ಅಯ್ಯ ಯಪ್ಪಾ, ಆಕಳ ಅದ!’ ಎಂದಳು. ನಿಜ, ಬಲಮೂಲೆಯಲ್ಲಿ ಹಸು, ಅದರ ಹಾಲು ಕುಡಿಯುವ ಕರು. ಮೇಲೆ ಸೂರ್ಯ, ಚಂದ್ರ. ನಡುವೆ ಲಿಂಗ. ಅರವತ್ತು ವರ್ಷ ಆ ಕಲ್ಲಿನ ಮೇಲೆ ಬಟ್ಟೆ ಒಗೆದವಳು ಅಂದೇ ಮೊದಲ ಬಾರಿಗೆ ಆ ಹಸುವನ್ನು ನೋಡಿದ್ದಳು.

ಒಂದು ದಿಕ್ಕಿನ ಬೆಳಕಿಗೆ ಒಂದು ಗೆರೆ ಕಂಡರೆ ಇನ್ನೊಂದು ಅಡಗುತ್ತದೆ. ಅಡ್ಡ ಗೆರೆಗೆ ಮೇಲಿನಿಂದ ಬೆಳಕು ಬೇಕು, ಉದ್ದ ಗೆರೆಗೆ ಪಕ್ಕದಿಂದ. ಇದಕ್ಕೆ ಪರಿಹಾರವನ್ನು ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಕ್ಯಾಮೆರಾ ಅಲುಗಿಸದೆ, ದೀಪವನ್ನು ಮಾತ್ರ ಗುಮ್ಮಟದಾಕಾರದಲ್ಲಿ ಸುತ್ತಿಸಿ ಹಲವು ಫೋಟೊ ತೆಗೆಯಬೇಕು. ಪಕ್ಕದಲ್ಲಿ ಒಂದು ಹೊಳೆಯುವ ಕಪ್ಪು ಗುಂಡು ಇಟ್ಟಿದ್ದರೆ, ಅದರ ಮೇಲಿನ ಬೆಳಕಿನ ಚುಕ್ಕೆಯಿಂದ ದೀಪ ಯಾವ ದಿಕ್ಕಿನಲ್ಲಿತ್ತೆಂದು ತಂತ್ರಾಂಶ ಲೆಕ್ಕ ಹಾಕುತ್ತದೆ. ಚಿತ್ರದ ಪ್ರತಿ ಬಿಂದುವಿನಲ್ಲಿ ಕಲ್ಲು ಯಾವ ಕಡೆ ಓರೆಯಾಗಿದೆ ಎಂಬುದು ಆಗ ಸಿಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಕೂತು ಬೇಕಾದ ಕಡೆಯಿಂದ ಬೆಳಕು ಬಿಟ್ಟು ನೋಡಬಹುದು. ಗ್ರೀಸಿನ ಸಮುದ್ರದಲ್ಲಿ ಸಿಕ್ಕ ಎರಡು ಸಾವಿರ ವರ್ಷ ಹಳೆಯ ಆ್ಯಂಟಿಕಿತೆರಾ ಯಂತ್ರದ ಮಾಸಿದ ಅಕ್ಷರಗಳನ್ನು ಓದಲು ಇದೇ ವಿಧಾನ ನೆರವಾಗಿತ್ತು.

ನಮ್ಮ ಕಪ್ಪು ಗುಂಡು ಸೈಕಲ್ ಅಂಗಡಿಯಿಂದ ತಂದ ದೊಡ್ಡ ಬೇರಿಂಗ್ ಗುಂಡಿಗೆ ಕಪ್ಪು ಬಣ್ಣ ಹೊಡೆದದ್ದು. ದೀಪದ ದೂರ ಎಲ್ಲ ಫೋಟೊಗಳಲ್ಲೂ ಒಂದೇ ಇರಲೆಂದು ಟಾರ್ಚಿಗೆ ದಾರ ಕಟ್ಟಿದೆವು. ಕಲ್ಲನ್ನು ಮೂರು ಭಾಗ ಮಾಡಿ, ಭಾಗಕ್ಕೆ 40ರಂತೆ 120 ಫೋಟೊ ತೆಗೆಯುವಷ್ಟರಲ್ಲಿ ರಾತ್ರಿ ಒಂದು ಗಂಟೆ. ಉಚಿತವಾಗಿ ಸಿಗುವ ತಂತ್ರಾಂಶದಲ್ಲಿ ಅವನ್ನೆಲ್ಲ ಜೋಡಿಸಲು ನನ್ನ ಲ್ಯಾಪ್‌ಟಾಪ್‌ಗೆ ಮತ್ತೊಂದು ರಾತ್ರಿ ಬೇಕಾಯಿತು.

ಚಿತ್ರವನ್ನು ಕನ್ನಡ ಅಧ್ಯಾಪಕರೊಬ್ಬರಿಗೆ ತೋರಿಸಿದೆ. ಮೊದಲ ಸಾಲಿನಲ್ಲಿ ‘ಸ್ವಸ್ತಿ’ ಎಂದು ಓದಿದರು. ದಾನಶಾಸನಗಳಲ್ಲಿ ಸೂರ್ಯ ಚಂದ್ರರನ್ನು ಕೆತ್ತುವುದು, ಅವರಿರುವ ತನಕ ಈ ದಾನ ನಡೆಯಲಿ ಎಂಬ ಅರ್ಥದಲ್ಲಿ ಎಂದರು. ಪೂರ್ತಿ ಓದಿ ಕಾಲ ಹೇಳಲು ಶಾಸನತಜ್ಞರೇ ಬೇಕು ಎಂದರು. ಆಮೇಲೆ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟು, ‘ಎಲ್ಲ ಕಡೆ ಸವೆದಿದ್ದರೂ ಗುರುತಿದೆ. ಇಲ್ಲಿ ಮಾತ್ರ ಏನೂ ಇಲ್ಲ. ಏನಾಯಿತು?’ ಎಂದು ಕೇಳಿದರು. ನಾನು ನಿಜ ಹೇಳಿದೆ. ಅವರು ಬೈಯಲಿಲ್ಲ. ಅಲ್ಲಿ ಐದಾರು ಅಕ್ಷರ ಇದ್ದಿರಬಹುದು. ಒಂದು ಊರಿನ ಹೆಸರೋ, ದಾನ ಕೊಟ್ಟವರ ಹೆಸರೋ. ಜಗತ್ತಿನ ಯಾವ ಫಿಲ್ಟರ್ ಹಾಕಿದರೂ ಅದು ಇನ್ನು ಕಾಣುವುದಿಲ್ಲ.

ಒಂದು ಕಲ್ಲಿಗೆ ಇಷ್ಟು ಸಂಕಟವೇ ಎಂದು ಕೆಲವರು ಕೇಳಿದ್ದಾರೆ. ನಮ್ಮ ಭಾಗದ ಚರಿತ್ರೆ ಇರುವುದೇ ಕಲ್ಲಿನಲ್ಲಿ. ನಮ್ಮ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನವಿದ್ದ ಕಲ್ಲು 1980ರ ದಶಕದಲ್ಲಿ ಸಿಕ್ಕಿತು. ಅಲ್ಲಿಯವರೆಗೆ ಅದು ಗುಡಿಯೊಳಗೆ ದೇವಿಯ ಪೀಠವಾಗಿತ್ತು. ಹತ್ತಿರದ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ರಾಣಿಯೊಡನೆ ನಿಂತ ಅಶೋಕನ ಉಬ್ಬುಶಿಲ್ಪ ಸಿಕ್ಕಿತು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೂ ಇದೆ. ಆ ಹೆಸರಿನ ನಾಲ್ಕೈದು ಅಕ್ಷರ ಇಲ್ಲದಿದ್ದರೆ ಅವನು ಯಾರೋ ಒಬ್ಬ ರಾಜನಾಗಿಯೇ ಉಳಿಯುತ್ತಿದ್ದ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 1058ರ ಶಾಸನವಿದೆ. ಅಲ್ಲಿದ್ದ ಘಟಿಕಾಸ್ಥಾನ, ವಿದ್ಯಾರ್ಥಿಗಳು, ಗುರುಗಳು ಮಾತ್ರವಲ್ಲ, ‘ಸರಸ್ವತಿ ಭಂಡಾರಿಕ’ರನ್ನೂ ಅದು ಹೆಸರಿಸುತ್ತದೆ. ಅಂದರೆ ಗ್ರಂಥಪಾಲಕರು. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ. 371(ಜೆ) ಮೀಸಲಾತಿಯಲ್ಲಿ ಸೀಟು ಪಡೆದ ನನ್ನಂಥವರನ್ನು ‘ಹಿಂದುಳಿದ ಭಾಗದವರು’ ಎನ್ನುತ್ತಾರೆ. ಸಾವಿರ ವರ್ಷದ ಹಿಂದೆ ಇಲ್ಲಿ ಗ್ರಂಥಪಾಲಕರಿಗೆ ಸಂಬಳ ಕೊಡುವ ಕಾಲೇಜಿತ್ತು ಎಂದು ಕಲ್ಲು ಹೇಳದಿದ್ದರೆ ನಾನಾದರೂ ನಂಬುತ್ತಿದ್ದೆನೇ?

ಈ ಹುಚ್ಚು ಹತ್ತಿದ ಮೇಲೆ ಬೇರೆ ಫಿಲ್ಟರುಗಳನ್ನೂ ಪ್ರಯತ್ನಿಸಿದೆ. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ಅದೇ ಕ್ಯಾಲ್ಕುಲೇಟರ್ ಹಾಳೆ ಹಿಡಿದರೆ ನೀರಿನ ಮೇಲಿನ ಆಕಾಶದ ಪ್ರತಿಬಿಂಬ ಸರಿದು ತಳದ ಕಲ್ಲುಗಳು ಕಂಡವು. ಎತ್ತಿಪೋತ ಜಲಪಾತದಲ್ಲಿ ವೆಲ್ಡಿಂಗ್ ಗಾಜನ್ನು ಲೆನ್ಸಿಗೆ ಕಟ್ಟಿದೆ. ಸಾವಿರ ಪಟ್ಟು ಬೆಳಕು ತಡೆಯುವ ಎನ್‌ಡಿ ಫಿಲ್ಟರ್ ಹಾಕಿದರೆ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ತೆಗೆಯುವ ಫೋಟೊಗೆ ಹತ್ತು ಸೆಕೆಂಡ್ ಬೇಕು. ಅಷ್ಟರಲ್ಲಿ ಬೀಳುವ ನೀರು ಹತ್ತಿಯಂತೆ ಮೂಡುತ್ತದೆ. ವೆಲ್ಡಿಂಗ್ ಗಾಜಿನಲ್ಲೂ ಹಾಗೆಯೇ ಬಂತು, ಚಿತ್ರವೆಲ್ಲ ಹಸಿರಾದದ್ದಷ್ಟೇ ವ್ಯತ್ಯಾಸ. ಒಂದು ಎಚ್ಚರಿಕೆ: ಇಂಥ ಗಾಜು, ಫಿಲ್ಟರ್ ಹಿಡಿದು ಸೂರ್ಯನನ್ನು ನೋಡಬೇಡಿ. ಅದಕ್ಕೆ ಬೇರೆಯೇ ಸೌರ ಫಿಲ್ಟರ್ ಇದೆ.

ಸೋತದ್ದೂ ಉಂಟು. ಅವಕೆಂಪು ಬೆಳಕು ಮಬ್ಬನ್ನು ಭೇದಿಸುತ್ತದೆ ಎಂದು ಓದಿದ್ದೆ. ಅಮೆರಿಕದ ರಾಬರ್ಟ್ ವುಡ್ 1910ರಲ್ಲೇ ಅಂಥ ಚಿತ್ರಗಳನ್ನು ಪ್ರಕಟಿಸಿದ್ದ. 720 ನ್ಯಾನೊಮೀಟರಿನ ಫಿಲ್ಟರ್ ಎರವಲು ತಂದು ವಾಡಿ ಜಂಕ್ಷನ್ ಸಮೀಪದ ದಿಬ್ಬದ ಮೇಲೆ ಮಟಮಟ ಮಧ್ಯಾಹ್ನ ಅರ್ಧ ನಿಮಿಷದ ಎಕ್ಸ್‌ಪೋಶರ್ ಕೊಟ್ಟೆ. ಬೇವಿನ ಎಲೆಗಳು ಹಿಮ ಬಿದ್ದಂತೆ ಬೆಳ್ಳಗೆ ಬಂದವು. ಆಕಾಶ ಕಪ್ಪಾಯಿತು. ದೂರದ ದೂಳು ಮಾತ್ರ ಹಾಗೇ ಇತ್ತು. ಕಾರಣ ಸರಳ. ಗಾಳಿಯ ಅಣುಗಳಂಥ ಅತಿ ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚು, ಅವಕೆಂಪನ್ನು ಕಡಿಮೆ ಚದುರಿಸುತ್ತವೆ. ಕಲ್ಲು, ಮಣ್ಣಿನ ದೂಳಿನ ಕಣಗಳು ಬೆಳಕಿನ ತರಂಗಕ್ಕಿಂತ ದಪ್ಪ. ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಲಾರಿ ಓಡುವ ನಮ್ಮ ರಸ್ತೆಗಳ ದೂಳನ್ನು ಫಿಲ್ಟರ್ ಹಾಕಿ ಅಳಿಸಲಾಗದು.

ಗೆಳೆಯರೇ, ನಿಮ್ಮೂರಿನಲ್ಲೂ ಗುಡಿಯ ಮುಂದೆ, ಬಾವಿಯ ಕಟ್ಟೆಗೆ, ಚರಂಡಿಯ ಮೇಲೆ ಇಂಥ ಕಲ್ಲು ಇರಬಹುದು. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ನಗರದ ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಆ ಕೆಲಸವನ್ನು ನಾವೇ ಶುರು ಮಾಡಬಹುದು. ಕತ್ತಲಾದ ಮೇಲೆ ಒಂದು ಟಾರ್ಚ್, ಒಂದು ಮೊಬೈಲ್ ಸಾಕು. ನಾಲ್ಕು ದಿಕ್ಕಿನಿಂದ ಓರೆ ಬೆಳಕು ಬಿಟ್ಟು ನಾಲ್ಕು ಫೋಟೊ ತೆಗೆಯಿರಿ. ಅಳತೆ ತಿಳಿಯಲು ಪಕ್ಕದಲ್ಲಿ ಸ್ಕೇಲ್ ಇಡಿ. ಸುಣ್ಣ, ಸೀಮೆಸುಣ್ಣ, ಎಣ್ಣೆ, ತಂತಿ ಬ್ರಶ್ ಯಾವುದೂ ಬೇಡ. ಆ್ಯಸಿಡ್ ಅಂತೂ ಬೇಡವೇ ಬೇಡ. ಕಲ್ಲನ್ನು ಎತ್ತಿ ಒಯ್ಯುವುದೂ ಬೇಡ. ಫೋಟೊಗಳನ್ನು ಪುರಾತತ್ವ ಇಲಾಖೆಗೆ ತಲುಪಿಸಿ. ನಾವೂ ತಲುಪಿಸಿದ್ದೇವೆ, ತಜ್ಞರು ಬರುವುದನ್ನು ಕಾಯುತ್ತಿದ್ದೇವೆ.

ಊರಲ್ಲಿ ಈಗ ಬರದ ಕಲ್ಲಿನ ಮೇಲೆ ಯಾರೂ ಬಟ್ಟೆ ಒಗೆಯುವುದಿಲ್ಲ. ಅಜ್ಜಿ ಬಿಡುವುದಿಲ್ಲ. ಒಗೆಯಲು ಅಪ್ಪ ಶಹಾಬಾದಿನಿಂದ ಹೊಸ ಚಪ್ಪಡಿ ತಂದು ಅದರ ಪಕ್ಕದಲ್ಲೇ ಹಾಕಿದ್ದಾನೆ.